ಹಳೆಯ ಆಟ, ಹೊಸ ಕೈ

ಅಳಗುಳಿಮಣೆ ಹಳೆಯದಾಯಿತೇ ಎಂದು ಯಾರೂ ಕೇಳುವುದಿಲ್ಲ. ನೆಲದ ಮೇಲೆ ಸೀಮೆಸುಣ್ಣದಿಂದ ಚೌಕಾಬಾರದ ಮನೆಗಳನ್ನು ಬರೆದು ಕವಡೆ ಎಸೆಯುವ ಅಜ್ಜಿಗಾಗಲಿ ಮೊಮ್ಮಕ್ಕಳಿಗಾಗಲಿ ಆ ಆಟ ಯಾವ ಶತಮಾನದ್ದೆಂಬ ಯೋಚನೆಯೇ ಬರುವುದಿಲ್ಲ. ಕಾಯಿ ಹಣ್ಣಾದರೆ ಸಂತೋಷ, ಕಡಿಸಿಕೊಂಡರೆ ದುಃಖ. ಅಷ್ಟಕ್ಕೆ ಆಟದ ಲೆಕ್ಕ ಮುಗಿಯಿತು. ಆದರೆ ಟಿ.ವಿ.ಗೆ ತಂತಿ ಸಿಕ್ಕಿಸಿ ಆಡುವ ವಿಡಿಯೊ ಗೇಮಿನ ವಿಷಯಕ್ಕೆ ಬಂದೊಡನೆ ನಮ್ಮ ಮಾತಿನ ಧಾಟಿ ಬದಲಾಗುತ್ತದೆ. ಜಪಾನಿನ ನಿಂಟೆಂಡೊ ಕಂಪನಿಯ ಫ್ಯಾಮಿಕಾಂ ಯಂತ್ರ ಮಾರುಕಟ್ಟೆಗೆ ಬಂದದ್ದು ೧೯೮೩ರ ಜುಲೈಯಲ್ಲಿ. ಒಂದು ಆಟದ ಆಯುಸ್ಸಿನಲ್ಲಿ ನಾಲ್ಕು ದಶಕ ಏನೇನೂ ಅಲ್ಲ. ಆದರೂ ಅದರ ಬಗ್ಗೆ ಮಾತು ಬಂದಾಗ, ಪಳೆಯುಳಿಕೆಯೊಂದನ್ನು ಕೈಯಲ್ಲಿ ಹಿಡಿದವರಂತೆ, ‘ಇದನ್ನು ಈಗಲೂ ಆಡಬಹುದೇ?’ ಎಂದು ಕೇಳುತ್ತೇವೆ.

ಪ್ರಶ್ನೆ ಅಸಂಗತವಾದುದಲ್ಲ. ಅದಕ್ಕೆ ಸಿಗುವ ಉತ್ತರಗಳು ಮಾತ್ರ ತೃಪ್ತಿಕರವಾಗಿಲ್ಲ. ಒಂದು ಪಕ್ಷದವರು, ‘ಅಂದಿನ ಆಟವೇ ಆಟ, ಇಂದಿನದೆಲ್ಲ ಬಣ್ಣ ಬೆಡಗು’ ಎನ್ನುತ್ತಾರೆ. ಇನ್ನೊಂದು ಪಕ್ಷದವರು ಹಳೆಯ ಪರದೆಯ ದಪ್ಪ ಚುಕ್ಕೆಗಳನ್ನು ನೋಡಿ ನಕ್ಕು ಮುಂದೆ ಹೋಗುತ್ತಾರೆ. ಮೊದಲನೆಯವರು ಬೆಲೆ ಕಟ್ಟುತ್ತಿರುವುದು ತಮ್ಮ ಬಾಲ್ಯಕ್ಕೆ; ಎರಡನೆಯವರು ಬೆಲೆ ಕಟ್ಟುತ್ತಿರುವುದು ಯಂತ್ರದ ವೇಗಕ್ಕೆ. ಆಟಕ್ಕೆ ಬೆಲೆ ಕಟ್ಟಿದವರು ಇಬ್ಬರಲ್ಲಿ ಯಾರೂ ಅಲ್ಲ. ಅಂಗಡಿಯವನು ಮಾತ್ರ ಇಬ್ಬರಿಂದಲೂ ಲಾಭ ಪಡೆಯುತ್ತಾನೆ. ಹೊಸತನ್ನು ಬಯಸುವವರಿಗೆ ಹೊಸ ಯಂತ್ರವನ್ನು ಮಾರುತ್ತಾನೆ. ಹಳೆಯದಕ್ಕೆ ಹಂಬಲಿಸುವವರಿಗೆ, ನಿಂಟೆಂಡೊ ೨೦೧೬ರಲ್ಲಿ ಮಾಡಿದಂತೆ, ೩೦ ಆಟಗಳನ್ನು ತುಂಬಿದ ಅಂಗೈಯಗಲದ ಪುಟ್ಟ ಪ್ರತಿಕೃತಿಯನ್ನು ಮಾರುತ್ತಾನೆ.

ಇದು ಬರಿಯ ಅಭಿರುಚಿಯ ಜಗಳವಾಗಿದ್ದರೆ ವಿಮರ್ಶೆಗೆ ಇಲ್ಲಿ ಹೆಚ್ಚು ಕೆಲಸವಿರುತ್ತಿರಲಿಲ್ಲ. ಆದರೆ ವಿಷಯ ಅಷ್ಟಕ್ಕೇ ನಿಲ್ಲುವುದಿಲ್ಲ. ಅಮೆರಿಕದಲ್ಲಿ ವಿಡಿಯೊ ಗೇಮ್ ಹಿಸ್ಟರಿ ಫೌಂಡೇಷನ್ ಎಂಬ ಸಂಸ್ಥೆ ೨೦೨೩ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ೨೦೧೦ಕ್ಕಿಂತ ಮೊದಲು ಆ ದೇಶದಲ್ಲಿ ಬಿಡುಗಡೆಯಾದ ಆಟಗಳಲ್ಲಿ ಶೇಕಡ ೮೭ರಷ್ಟು ಈಗ ಅಂಗಡಿಯಲ್ಲಿ ಕೊಳ್ಳಲು ಸಿಗುವುದಿಲ್ಲ. ನೂರು ಪುಸ್ತಕಗಳಲ್ಲಿ ಎಂಬತ್ತೇಳು ಅಚ್ಚಿನಲ್ಲಿಲ್ಲ ಎಂದ ಹಾಗಾಯಿತು. ಹೀಗಿರುವಾಗ ಯಾವುದನ್ನು ಉಳಿಸಿಕೊಳ್ಳಬೇಕು, ಏಕೆ ಉಳಿಸಿಕೊಳ್ಳಬೇಕು ಎಂಬ ವಿವೇಚನೆ ಯಾರಾದರೂ ಮಾಡಬೇಕಾದ ಕೆಲಸ. ಅದನ್ನು ಮಾಡದೆ ಬಿಟ್ಟರೆ ಮಾರುಕಟ್ಟೆಯ ಲಾಭನಷ್ಟವೇ ಆ ತೀರ್ಪನ್ನು ಕೊಟ್ಟುಬಿಡುತ್ತದೆ.

ವಿವೇಚನೆಯ ಮೊದಲ ಹೆಜ್ಜೆಯೆಂದರೆ ಬೆರೆತುಹೋದದ್ದನ್ನು ಬೇರ್ಪಡಿಸುವುದು. ‘ಹಳೆಯ ಗೇಮು’ ಎಂಬ ಒಂದೇ ಮಾತಿನಲ್ಲಿ ಮೂರು ಪದಾರ್ಥಗಳಿವೆ: ಯಂತ್ರ, ಆಟ, ನೆನಪು. ಯಂತ್ರ ಸವೆಯುತ್ತದೆ. ನೆನಪು ಅವರವರದು, ಅದನ್ನು ಇನ್ನೊಬ್ಬರಿಗೆ ದಾಟಿಸಲಾಗದು. ಇವೆರಡನ್ನೂ ತೆಗೆದಿಟ್ಟ ಮೇಲೆ ಉಳಿಯುವುದೇ ಆಟ. ಅದನ್ನು ಪರೀಕ್ಷಿಸಲು ದೊಡ್ಡ ಸಿದ್ಧಾಂತವೇನೂ ಬೇಕಾಗಿಲ್ಲ. ಆ ಆಟದ ಹೆಸರನ್ನೂ ಕೇಳದ ಹತ್ತು ವರ್ಷದ ಮಗುವಿನ ಕೈಗೆ ಅದನ್ನು ಕೊಟ್ಟು, ನಾವು ಬಾಯಿ ಮುಚ್ಚಿಕೊಂಡು ಕುಳಿತರೆ ಸಾಕು. ಸೋತಾಗ ಮಗು ಯಂತ್ರವನ್ನು ಬೈಯುತ್ತದೆಯೋ, ತನ್ನ ಕೈಯನ್ನು ಬೈದುಕೊಂಡು ಮತ್ತೆ ಆಡುತ್ತದೆಯೋ ಎಂಬುದರಲ್ಲಿಯೇ ಬಹುಪಾಲು ಉತ್ತರವಿದೆ.

ಈ ಒರೆಗಲ್ಲಿಗೆ ಮೊದಲು ಹಚ್ಚಬೇಕಾದದ್ದು ೧೯೮೫ರ ‘ಸೂಪರ್ ಮಾರಿಯೋ ಬ್ರದರ್ಸ್’. ಶಿಗೆರು ಮಿಯಾಮೊಟೊ ಮತ್ತು ತಕಾಶಿ ತೆಝುಕ ರೂಪಿಸಿದ, ಕೋಜಿ ಕೊಂಡೊ ಸಂಗೀತ ಕೊಟ್ಟ ಈ ಆಟದ ಒಟ್ಟು ಗಾತ್ರ ೪೦ ಕಿಲೊಬೈಟ್. ಇಂದು ಫೋನಿನಲ್ಲಿ ತೆಗೆಯುವ ಒಂದೇ ಒಂದು ಛಾಯಾಚಿತ್ರ ಇದರ ಹಲವು ಪಟ್ಟು ಜಾಗವನ್ನು ತಿನ್ನುತ್ತದೆ. ಜಾಗದ ಈ ಬಡತನ ಎಂಥದೆಂದರೆ, ಆಕಾಶದ ಮೋಡಕ್ಕೂ ನೆಲದ ಪೊದೆಗೂ ಇರುವುದು ಒಂದೇ ಚಿತ್ರ. ಮೇಲಿದ್ದಾಗ ಬಿಳಿ, ಕೆಳಗಿದ್ದಾಗ ಹಸಿರು. ಲಕ್ಷಾಂತರ ಜನ ವರ್ಷಗಟ್ಟಲೆ ಆಡಿದರೂ ಇದನ್ನು ಗುರುತಿಸಿದವರು ಕಡಮೆ. ಬಡತನ ಬಡತನವಾಗಿ ಕಾಣಿಸದಿರುವುದೇ ಕಸುಬುದಾರಿಕೆ.

ಆದರೆ ಈ ಆಟದ ನಿಜವಾದ ಹೆಚ್ಚಳ ಮಿತವ್ಯಯದಲ್ಲಿಲ್ಲ. ಅದರ ಮೊದಲ ಪರದೆಯಲ್ಲಿದೆ. ಮಾರಿಯೋ ಎಡಗಡೆ ನಿಂತಿದ್ದಾನೆ, ಬಲಗಡೆಗೆ ಮುಖಮಾಡಿದ್ದಾನೆ, ಮುಂದೆಲ್ಲ ಬಯಲು. ಬಲಕ್ಕೆ ಹೋಗಬೇಕೆಂದು ಯಾರೂ ಹೇಳಬೇಕಾಗಿಲ್ಲ. ನಾಲ್ಕು ಹೆಜ್ಜೆಗೆ ಹುಬ್ಬುಗಂಟಿಕ್ಕಿದ ಪ್ರಾಣಿಯೊಂದು ಎದುರು ಬರುತ್ತದೆ, ತಾಗಿದರೆ ಸಾವು. ಎರಡನೆಯ ಸಲ ಮಗು ಹಾರುತ್ತದೆ, ಹಾರಿ ಅದರ ತಲೆಯ ಮೇಲೆ ಬೀಳುತ್ತದೆ, ಅದು ಚಪ್ಪಟೆಯಾಗುತ್ತದೆ. ಮೇಲೆ ಪ್ರಶ್ನಾರ್ಥಕ ಚಿಹ್ನೆಯ ಪೆಟ್ಟಿಗೆಗಳಿವೆ. ಒಂದಕ್ಕೆ ತಲೆ ಕುಟ್ಟಿದರೆ ಅಣಬೆ ಹೊರಬಂದು ಬಲಕ್ಕೆ ಉರುಳುತ್ತದೆ, ಮುಂದಿನ ಕೊಳವೆಗೆ ಬಡಿದು ತಿರುಗಿ ನಮ್ಮ ಕಡೆಗೇ ಬರುತ್ತದೆ. ತಲೆಯ ಮೇಲೆ ಇಟ್ಟಿಗೆಗಳಿರುವುದರಿಂದ ಅದನ್ನು ಹಾರಿ ತಪ್ಪಿಸಿಕೊಳ್ಳುವುದು ಕಷ್ಟ. ಹೆದರಿದ ಮಗುವಿಗೆ ಅದು ತಾಗಿಯೇ ತಾಗುತ್ತದೆ, ಮಾರಿಯೋ ದೊಡ್ಡವನಾಗುತ್ತಾನೆ. ಶತ್ರು ಯಾವುದು, ಮಿತ್ರ ಯಾವುದು, ಹಾರುವುದು ಹೇಗೆ, ಹಾರಿದರೆ ಏನು ಫಲ ಎಂಬ ಅಷ್ಟೂ ಪಾಠ ಅರೆ ನಿಮಿಷದಲ್ಲಿ, ಒಂದು ಅಕ್ಷರದ ಸಹಾಯವೂ ಇಲ್ಲದೆ ನಡೆದುಹೋಯಿತು. ಒಳ್ಳೆಯ ಮೇಷ್ಟರ ಲಕ್ಷಣ ಇದೇ ಅಲ್ಲವೇ?

ಇದಕ್ಕೆ ನಮ್ಮ ನಾಡಿನಲ್ಲೇ ಒಂದು ಸಾಕ್ಷ್ಯವಿದೆ. ೧೯೯೦ರ ದಶಕದಲ್ಲಿ ನಮ್ಮ ನಗರಗಳ ಮನೆಗಳಿಗೆ ಬಂದದ್ದು ಬಹುಮಟ್ಟಿಗೆ ನಿಂಟೆಂಡೊ ಮಾಡಿದ ಮೂಲಯಂತ್ರವಲ್ಲ. ಅದನ್ನು ಅನುಕರಿಸಿದ ಅಗ್ಗದ ನಕಲುಗಳು. ನಾವು ‘ಕ್ಯಾಸೆಟ್’ ಎಂದು ಕರೆಯುತ್ತಿದ್ದ ಬಿಲ್ಲೆಗಳ ಮೇಲೆ ‘೯೯೯೯ ಆಟಗಳು’ ಎಂದು ಅಚ್ಚಾಗಿರುತ್ತಿತ್ತು. ಒಳಗೆ ಇದ್ದದ್ದು ಹೆಸರು ಬದಲಿಸಿಕೊಂಡು ಮತ್ತೆ ಮತ್ತೆ ಬರುವ ಕೆಲವೇ ಆಟಗಳು. ಸೂಚನೆಗಳ ಪುಸ್ತಕ ಇರಲಿಲ್ಲ. ಇಂಗ್ಲಿಷು ಬಾರದ ಮಕ್ಕಳು ಎಷ್ಟೋ ಮಂದಿ. ಹಾಗಿದ್ದರೂ ಮಾರಿಯೋ ಆಡುವುದು ಹೇಗೆಂದು ಅವರಾರೂ ಕಲಿಯದೆ ಉಳಿಯಲಿಲ್ಲ. ಬೆಂಗಳೂರಿನ ಹುಡುಗನಿಗೂ ಕ್ಯೋಟೋ ನಗರದ ಹುಡುಗನಿಗೂ ಅದೇ ಅಣಬೆ ಅದೇ ಪಾಠ ಹೇಳಿತು. ಭಾಷೆ, ದೇಶ, ಕಾಲ ಮೂರನ್ನೂ ದಾಟಿದ ಕೃತಿಯನ್ನು ‘ಹಳೆಯದು’ ಎಂಬ ಒಂದೇ ಮಾತಿನಿಂದ ತಳ್ಳಿಹಾಕಲು ಬರುವುದಿಲ್ಲ.

ಇಲ್ಲಿ ಒಂದು ಆಕ್ಷೇಪವನ್ನು ಎದುರಿಸಬೇಕು. ‘ಯಂತ್ರದ ಇತಿಮಿತಿಗಳಿಂದಾಗಿ ಅವರು ಹಾಗೆ ಮಾಡಿದರು, ಇತಿಮಿತಿಯನ್ನೇ ಗುಣವೆಂದು ಹೊಗಳುವುದು ಸರಿಯೇ?’ ಎಂದು ಕೇಳುವವರುಂಟು. ಷಟ್ಪದಿಯಲ್ಲಿ ಬರೆದವನಿಗೆ ಮಾತ್ರೆಗಳ ಕಟ್ಟು ಇತ್ತು. ಆ ಕಟ್ಟಿನಿಂದಲೇ ಕಾವ್ಯ ಬರಲಿಲ್ಲ, ಕಟ್ಟನ್ನು ಮೀರಿಯೂ ಬರಲಿಲ್ಲ, ಕಟ್ಟನ್ನು ತನ್ನ ನಡಿಗೆಯಾಗಿ ಮಾಡಿಕೊಂಡಾಗ ಬಂತು. ತೊಮೊಹಿರೊ ನಿಶಿಕಾಡೊ ೧೯೭೮ರಲ್ಲಿ ರಚಿಸಿದ ‘ಸ್ಪೇಸ್ ಇನ್‌ವೇಡರ್ಸ್’ ಇದಕ್ಕೆ ಒಳ್ಳೆಯ ನಿದರ್ಶನ. ಅದರ ಯಂತ್ರ ನಿಧಾನದ್ದು. ಪರದೆಯ ತುಂಬ ಶತ್ರುಗಳಿದ್ದಾಗ ಅವರನ್ನೆಲ್ಲ ಚಿತ್ರಿಸುವಷ್ಟರಲ್ಲಿ ಏದುಸಿರು ಬಿಡುತ್ತಿತ್ತು. ನಾವು ಒಬ್ಬೊಬ್ಬರನ್ನೇ ಹೊಡೆದಂತೆ ಅದರ ಹೊರೆ ಇಳಿದು, ಉಳಿದವರು ವೇಗವಾಗಿ ಚಲಿಸತೊಡಗಿದರು. ನಿಶಿಕಾಡೊ ಅದನ್ನು ತಿದ್ದಲಿಲ್ಲ, ಹಾಗೆಯೇ ಬಿಟ್ಟ. ಗೆಲುವು ಹತ್ತಿರವಾದಷ್ಟೂ ಎದೆಬಡಿತ ಏರುವ ಆ ಆಟದ ರಸವೆಲ್ಲ ಅಲ್ಲಿಂದ ಬಂದದ್ದು. ಕೊರತೆಯೇ ಲಯವಾಯಿತು.

ಎಲ್ಲ ಕೊರತೆಯೂ ಹೀಗೆ ಲಯವಾಗುವುದಿಲ್ಲ ಎಂಬುದನ್ನೂ ಹೇಳಿಬಿಡಬೇಕು. ಫ್ಯಾಮಿಕಾಂ ಯಂತ್ರ ಪರದೆಯ ಒಂದು ಅಡ್ಡಗೆರೆಯ ಮೇಲೆ ಎಂಟಕ್ಕಿಂತ ಹೆಚ್ಚು ಚಲಿಸುವ ತುಣುಕುಗಳನ್ನು ತೋರಿಸಲಾರದು. ಅದಕ್ಕಿಂತ ಹೆಚ್ಚಾದರೆ ಪಾತ್ರಗಳು ಮಿಣುಕುತ್ತವೆ, ಒಮ್ಮೊಮ್ಮೆ ಮಾಯವಾಗುತ್ತವೆ. ಕಾಣದ ಶತ್ರುವಿನಿಂದ ಸಾಯುವುದರಲ್ಲಿ ಯಾವ ಸೊಗಸೂ ಇಲ್ಲ. ಅದನ್ನು ‘ಹಳೆಯ ಕಾಲದ ಸೊಬಗು’ ಎಂದು ಕೊಂಡಾಡುವುದು ಛಂದೋಭಂಗವನ್ನು ಅಲಂಕಾರವೆಂದು ಸಾಧಿಸಿದಂತೆ.

ಯಂತ್ರ ಮತ್ತು ಆಟ ಬೇರೆ ಬೇರೆ ಎಂಬುದನ್ನು ಕೈಗೆ ಕೊಟ್ಟಂತೆ ತೋರಿಸುವುದು ೧೯೮೯ರ ಗೇಮ್‌ಬಾಯ್. ಗುನ್‌ಪೈ ಯೊಕೊಯಿ ಎಂಬ ಇಂಜಿನಿಯರು ಅದರ ಹಿಂದೆ ಇದ್ದವನು. ಹೊಸ ತಂತ್ರದ ಬೆನ್ನು ಹತ್ತುವ ಬದಲು, ಬಳಸಿ ಬಳಸಿ ಹಳತಾಗಿ ಅಗ್ಗವಾದ ತಂತ್ರವನ್ನೇ ಹೊಸ ದಾರಿಯಲ್ಲಿ ತಿರುಗಿಸಬೇಕೆಂಬುದು ಅವನ ನಿಲುವಾಗಿತ್ತು. ಆ ಯಂತ್ರದ ಪರದೆಯಲ್ಲಿ ಬಣ್ಣವಿಲ್ಲ. ಹಸಿರು ಛಾಯೆಯ ನಾಲ್ಕು ಮಟ್ಟಗಳು ಮಾತ್ರ. ಒಳಗಿನಿಂದ ಬೆಳಕೂ ಇಲ್ಲ. ಬಣ್ಣದ ಪರದೆಯ ಪ್ರತಿಸ್ಪರ್ಧಿಗಳು ಅದೇ ಕಾಲದಲ್ಲಿ ಬಂದವು, ಸೆಲ್ಲುಗಳನ್ನು ಗಬಗಬನೆ ತಿಂದು ಸೋತವು. ನಾಲ್ಕೇ ಸೆಲ್ಲಿನಲ್ಲಿ ದೀರ್ಘಕಾಲ ಓಡುವ ಗೇಮ್‌ಬಾಯ್ ಗೆದ್ದಿತು. ಇಂದು ಆ ಯಂತ್ರವನ್ನು ಕೈಗೆತ್ತಿಕೊಂಡವನು ಕಿಟಕಿಯ ಪಕ್ಕಕ್ಕೆ ಹೋಗಿ, ಪರದೆಯನ್ನು ಓರೆ ಮಾಡಿ, ಕಣ್ಣು ಕಿರಿದು ಮಾಡಿಯೇ ಆಡಬೇಕು. ಯಂತ್ರವಾಗಿ ಅದು ಉಳಿದಿಲ್ಲ ಎಂದು ನಿರ್ದಾಕ್ಷಿಣ್ಯವಾಗಿ ಹೇಳಬೇಕಾಗುತ್ತದೆ.

ಆದರೆ ಅಮೆರಿಕದಲ್ಲಿ ಅದರ ಜೊತೆಗೇ ಕೊಟ್ಟ ‘ಟೆಟ್ರಿಸ್’? ಅಲೆಕ್ಸಿ ಪಜಿತ್ನೊವ್ ೧೯೮೪ರಲ್ಲಿ ಮಾಸ್ಕೋದ ವಿಜ್ಞಾನ ಅಕಾಡೆಮಿಯ ಗಣಕ ಕೇಂದ್ರದಲ್ಲಿ ಅದನ್ನು ಬರೆದಾಗ ಆ ಗಣಕಕ್ಕೆ ಚಿತ್ರ ಬಿಡಿಸುವ ಶಕ್ತಿಯೇ ಇರಲಿಲ್ಲ. ಅಕ್ಷರಚಿಹ್ನೆಗಳನ್ನೇ ಜೋಡಿಸಿ ತುಂಡುಗಳನ್ನು ತೋರಿಸಿದ. ಅಂದಿನಿಂದ ಇಂದಿನವರೆಗೆ ಅದು ಎಷ್ಟೋ ಯಂತ್ರಗಳ ಮೈ ಹೊಕ್ಕು ಹೊರಬಂದಿದೆ. ಏಳು ಬಗೆಯ ತುಂಡುಗಳು, ಬೀಳುವ ವೇಗ, ತುಂಬಿದ ಸಾಲು ಮಾಯವಾಗುವ ನಿಯಮ, ಇಷ್ಟೇ ಬಂಡವಾಳ. ನಿಂಟೆಂಡೊ ೧೯೮೯ರಲ್ಲಿ ತನ್ನ ಟಿ.ವಿ. ಯಂತ್ರಕ್ಕೆ ತಂದ ಟೆಟ್ರಿಸ್‌ನಲ್ಲಿ ೨೯ನೆಯ ಹಂತಕ್ಕೆ ಬಂದರೆ ತುಂಡು ಮೇಲಿನಿಂದ ಕೆಳಕ್ಕೆ ಬೀಳಲು ಒಂದು ಸೆಕೆಂಡಿನ ಮೂರನೆಯ ಒಂದು ಭಾಗ ಸಾಕು. ಅಲ್ಲಿಗೆ ಮನುಷ್ಯನ ಕೈಯ ಎಲ್ಲೆ ಮುಗಿಯಿತೆಂದು ಬಹುಕಾಲ ನಂಬಲಾಗಿತ್ತು. ಆಮೇಲೆ ಆಟಗಾರರು ಗುಂಡಿಯನ್ನು ಒತ್ತುವ ರೀತಿಯನ್ನೇ ಬದಲಿಸಿದರು. ಹೆಬ್ಬೆರಳನ್ನು ಗುಂಡಿಯ ಮೇಲಿಟ್ಟು, ಉಳಿದ ಬೆರಳುಗಳಿಂದ ಹಿಡಿಕೆಯ ಬೆನ್ನನ್ನು ತಬಲ ಬಾರಿಸಿದಂತೆ ತಟ್ಟುವ ಉಪಾಯ ಕಂಡುಕೊಂಡರು. ೨೦೨೩ರ ಡಿಸೆಂಬರಿನಲ್ಲಿ ೧೩ ವರ್ಷದ ಅಮೆರಿಕನ್ ಹುಡುಗನೊಬ್ಬ ೧೫೭ನೆಯ ಹಂತದವರೆಗೆ ಹೋದ. ಅಲ್ಲಿ ಸೋತು ನಿಂತದ್ದು ಹುಡುಗನಲ್ಲ, ಆಟವೇ ಸ್ತಬ್ಧವಾಯಿತು. ೩೪ ವರ್ಷ ಯಾರೂ ಕಾಣದ ಕೊನೆಯನ್ನು, ಆ ಆಟ ಹುಟ್ಟಿ ಎರಡು ದಶಕ ಕಳೆದ ಮೇಲೆ ಹುಟ್ಟಿದ ಮಗು ಕಂಡಿತು. ಅವನಿಗೆ ಆ ಕಾಲದ ನೆನಪಿಲ್ಲ, ಹಂಬಲವೂ ಇಲ್ಲ. ಕೃತಿ ಜೀವಂತವಾಗಿದೆ ಎಂಬುದಕ್ಕೆ ಇದಕ್ಕಿಂತ ಬೇರೆ ಪುರಾವೆ ಬೇಕೆ?

ಇನ್ನು ಉಳಿಯದವುಗಳ ಮಾತು. ಮೊದಲು ಒಂದು ತಪ್ಪು ತಿಳಿವಳಿಕೆಯನ್ನು ಬಿಡಬೇಕು. ೧೯೮೨ರ ಕ್ರಿಸ್‌ಮಸ್ಸಿಗೆಂದು ಅಟಾರಿ ಕಂಪನಿ ಹೊರತಂದ ‘ಇ.ಟಿ.’ ಆಟದ ಬಿಲ್ಲೆಗಳನ್ನು ನ್ಯೂ ಮೆಕ್ಸಿಕೊದ ಅಲಮೊಗೊರ್ಡೊ ಊರಿನ ಕಸದ ಗುಂಡಿಯಲ್ಲಿ ಹೂತಿದ್ದರು. ೨೦೧೪ರಲ್ಲಿ ಅಗೆದಾಗ ಅವು ಸಿಕ್ಕಿದವು. ಹವರ್ಡ್ ಸ್ಕಾಟ್ ವಾರ್ಷಾ ಅದನ್ನು ಸುಮಾರು ಐದೇ ವಾರಗಳಲ್ಲಿ ಬರೆದು ಮುಗಿಸಬೇಕಾಗಿ ಬಂದಿತ್ತು. ಆ ಆಟ ಹಳೆಯದಾಗಿ ಕೆಟ್ಟದ್ದಲ್ಲ. ಬಂದ ಕಾಲದಲ್ಲೇ ಅನೇಕ ಆಟಗಾರರು ಅದನ್ನು ತಿರಸ್ಕರಿಸಿದರು. ಕಾಲದ ಮೇಲೆ ಅದರ ತಪ್ಪನ್ನು ಹೊರಿಸುವುದು ನ್ಯಾಯವಲ್ಲ.

ಕಾಲವೇ ಕೆಡಿಸಿದವು ಬೇರೆ ಇವೆ. ಅವು ಎರಡು ಬಗೆ. ಒಂದು, ಬೇರೆ ಕಡೆಯ ವ್ಯಾಪಾರವನ್ನು ಮನೆಗೆ ಹೊತ್ತು ತಂದವು. ಅಂಗಡಿಯ ಮೂಲೆಯ ದೊಡ್ಡ ಯಂತ್ರದಲ್ಲಿ ಆಡಬೇಕಾದರೆ ಪ್ರತಿ ಸಲಕ್ಕೂ ನಾಣ್ಯ ಹಾಕಬೇಕು. ಆಟಗಾರ ಬೇಗ ಸತ್ತಷ್ಟೂ ಮಾಲೀಕನಿಗೆ ಲಾಭ. ೧೯೮೫ರ ‘ಘೋಸ್ಟ್ಸ್ ಅಂಡ್ ಗಾಬ್ಲಿನ್ಸ್’ ಅಂಥ ಆಟ. ಎರಡೇ ಪೆಟ್ಟಿಗೆ ಸಾವು; ಹೇಗೋ ಕೊನೆ ಮುಟ್ಟಿದರೆ, ಎಲ್ಲವೂ ಮಾಯೆಯಾಗಿತ್ತು, ಮತ್ತೆ ಮೊದಲಿನಿಂದ ಆಡಿ ಬಾ ಎನ್ನುತ್ತದೆ. ಮನೆಯ ಯಂತ್ರಕ್ಕೆ ಬಂದ ಮೇಲೂ ಈ ಕ್ರೌರ್ಯ ಹಾಗೆಯೇ ಉಳಿಯಿತು. ನಾಣ್ಯ ಹೋದ ಮೇಲೆ ಉಳಿದ ಈ ಕಾಠಿನ್ಯಕ್ಕೆ ಅರ್ಥವಿಲ್ಲ. ಮಾರಿಯೋ ಕೂಡ ಕಠಿಣವೇ. ಆದರೆ ಅಲ್ಲಿ ಸೋತವನಿಗೆ ತಾನೇಕೆ ಸೋತೆನೆಂದು ತಿಳಿಯುತ್ತದೆ.

ಎರಡನೆಯ ಬಗೆ ಇನ್ನೂ ಕುತೂಹಲಕರ. ೧೯೮೬ರ ‘ದಿ ಲೆಜೆಂಡ್ ಆಫ್ ಜೆಲ್ಡಾ’ದಲ್ಲಿ ಎಂಟನೆಯ ಗುಹೆಯ ಬಾಯಿ ಒಂದು ಪೊದೆಯ ಕೆಳಗಿದೆ, ಆ ಪೊದೆಯನ್ನು ಸುಟ್ಟರೆ ಮಾತ್ರ ಅದು ಕಾಣುತ್ತದೆ. ಒಂಟಿಯಾಗಿ ಕುಳಿತವನು ಇದನ್ನು ಕಂಡುಹಿಡಿಯಲು ಕಾಡನ್ನೆಲ್ಲ ಸುಡಬೇಕಾದೀತು. ಆದರೆ ಅಂದಿನ ಮಕ್ಕಳು ಒಂಟಿಯಾಗಿ ಆಡಲಿಲ್ಲ. ಡಬ್ಬಿಯೊಳಗೆ ನಕ್ಷೆ ಇತ್ತು, ಶಾಲೆಯ ಅಂಗಳದಲ್ಲಿ ಗೆಳೆಯರಿದ್ದರು. ಒಬ್ಬ ಕಂಡ ಗುಟ್ಟು ಮರುದಿನ ಹತ್ತು ಜನರದಾಗುತ್ತಿತ್ತು. ಅಂದರೆ ಆ ಆಟದ ಅರ್ಧಭಾಗ ಬಿಲ್ಲೆಯ ಹೊರಗಿತ್ತು. ಇಂದು ಬಿಲ್ಲೆ ಇದೆ, ಅಂಗಳ ಇಲ್ಲ. ಇದು ಆಟದ ದೋಷವೆನ್ನಲು ನನಗೆ ಮನಸ್ಸಿಲ್ಲ. ವೇಷವೂ ಭಾಗವತಿಕೆಯೂ ಇಲ್ಲದೆ ಬರಿಯ ಪ್ರಸಂಗದ ಪದ್ಯಗಳನ್ನು ಓದಿದರೆ ಯಕ್ಷಗಾನ ಸಪ್ಪೆಯೆನಿಸುತ್ತದೆ, ತಪ್ಪು ಪ್ರಸಂಗದ್ದಲ್ಲ.

ಇನ್ನು ಒಂದು ವಿಚಿತ್ರವಿದೆ. ೧೯೮೫ರ ಆಟಕ್ಕಿಂತ ೧೯೯೬–೯೭ರ ಆಟಗಳು ಹೆಚ್ಚು ಮುದಿಯಾಗಿ ಕಾಣುತ್ತವೆ. ನಿಂಟೆಂಡೊ ೬೪ ಯಂತ್ರದ ಜೊತೆಗೆ ಬಂದ ‘ಸೂಪರ್ ಮಾರಿಯೋ ೬೪’ ಚಪ್ಪಟೆಯ ಲೋಕಕ್ಕೆ ಆಳವನ್ನು ಕೊಟ್ಟಿತು. ಚರಿತ್ರೆಯಲ್ಲಿ ಅದರ ಸ್ಥಾನ ದೊಡ್ಡದು. ಓಡುವಾಗ, ನೆಗೆಯುವಾಗ ಮಾರಿಯೋ ಮೈಯಲ್ಲಿರುವ ಲವಲವಿಕೆ ಈಗಲೂ ಮಾಸಿಲ್ಲ. ಆದರೆ ಅವನನ್ನು ಹಿಂಬಾಲಿಸಿ ತೋರಿಸುವ ಕ್ಯಾಮರಾ ಗೋಡೆಗೆ ಸಿಕ್ಕಿಕೊಳ್ಳುತ್ತದೆ, ಕಾಲಿಡಬೇಕಾದ ಕಡೆಯನ್ನೇ ಮರೆಮಾಡುತ್ತದೆ. ೧೯೯೭ರ ‘ಗೋಲ್ಡನ್ ಐ’ ನಾಲ್ವರು ಗೆಳೆಯರನ್ನು ಒಂದೇ ಟಿ.ವಿ.ಯ ಮುಂದೆ ಕೂರಿಸಿ ನಗಿಸಿತು. ಈಗ ಎರಡು ಕೋಲುಗಳ ಹಿಡಿಕೆಗೆ ಒಗ್ಗಿದ ಕೈಗೆ ಅದರ ಒಂದೇ ಕೋಲಿನ ನಡೆ ಕಾಲಿಗೆ ಹಗ್ಗ ಕಟ್ಟಿದಂತಿದೆ. ಇದಕ್ಕೆ ಕಾರಣ ಹುಡುಕುವುದು ಕಷ್ಟವಲ್ಲ. ಎಡದಿಂದ ಬಲಕ್ಕೆ ಓಡುವ ಆಟದ ಪ್ರಕಾರ ೧೯೮೫ರ ಹೊತ್ತಿಗೆ ತನ್ನ ಕಣ್ಣನ್ನೂ ನಡಿಗೆಯನ್ನೂ ಕಂಡುಕೊಂಡಿತ್ತು. ಆಳದ ಲೋಕದ ಆಟ ೧೯೯೬ರಲ್ಲಿ ಎಲ್ಲಿಂದ ನೋಡಬೇಕೆಂಬುದನ್ನೇ ಇನ್ನೂ ಹುಡುಕುತ್ತಿತ್ತು. ನಮ್ಮ ಮೊದಲ ಕಾದಂಬರಿಗಳನ್ನು ಓದುವಾಗ ಆಗುವ ಅನುಭವವೇ ಇದು. ಹಳಗನ್ನಡದ ಒಳ್ಳೆಯ ಕಾವ್ಯ ಅವುಗಳಿಗಿಂತ ಎಷ್ಟೋ ಹಿಂದಿನದು, ಆದರೂ ಕಡಮೆ ಮುದಿ. ವಯಸ್ಸು ಬೇರೆ, ಪಕ್ವತೆ ಬೇರೆ. ಮೊದಲ ಹೆಜ್ಜೆಯಿಟ್ಟವರಿಗೆ ನಾವು ಋಣಿಗಳು. ಋಣವನ್ನು ರಸವೆಂದು ಕರೆಯಬೇಕಾಗಿಲ್ಲ.

ಕೊನೆಗೆ ಯಂತ್ರದ ವಿಚಾರ. ಆಟವನ್ನು ಯಂತ್ರದಿಂದ ಬಿಡಿಸಿ ನೋಡಬೇಕೆಂದು ಮೇಲೆ ಹೇಳಿದೆ. ಆದರೆ ಎಲ್ಲ ಆಟಗಳನ್ನೂ ಹಾಗೆ ಬಿಡಿಸಲು ಬರುವುದಿಲ್ಲ. ‘ಡಕ್ ಹಂಟ್’ನಲ್ಲಿ ಆಟದ ಬಂದೂಕನ್ನು ಪರದೆಯ ಬಾತುಕೋಳಿಗೆ ಗುರಿಯಿಟ್ಟು ಕುದುರೆ ಎಳೆದ ಕೂಡಲೇ ಪರದೆ ಕ್ಷಣಮಾತ್ರ ಕಪ್ಪಾಗಿ, ಬಾತುಕೋಳಿ ಇದ್ದ ಜಾಗದಲ್ಲಿ ಬಿಳಿಯ ಚೌಕ ಮೂಡುತ್ತದೆ. ಬಂದೂಕಿನ ಮೂತಿಯಲ್ಲಿರುವ ಬೆಳಕಿನ ಕಣ್ಣು ಆ ಬಿಳುಪನ್ನು ಕಂಡರೆ ಗುರಿ ತಾಗಿತೆಂದು ಲೆಕ್ಕ. ಹಳೆಯ ಪಿಕ್ಚರ್ ಟ್ಯೂಬಿನ ಟಿ.ವಿ.ಯಲ್ಲಿ ಮಾತ್ರ ಈ ಲೆಕ್ಕ ಕೂಡುತ್ತದೆ. ಇಂದಿನ ತೆಳು ಪರದೆ ಚಿತ್ರವನ್ನು ತುಸು ತಡವಾಗಿ ತೋರಿಸುವುದರಿಂದ ಬಂದೂಕು ಕುರುಡಾಗುತ್ತದೆ. ಹಾಗೆಯೇ ಅಂದಿನ ದಪ್ಪ ಚುಕ್ಕೆಗಳನ್ನು ಬಿಡಿಸಿದವರು ಆ ಟ್ಯೂಬಿನಲ್ಲಿ ಅವು ಒಂದಕ್ಕೊಂದು ಕರಗುತ್ತವೆಂದು ತಿಳಿದೇ ಬಿಡಿಸಿದ್ದರು. ಮೊನಚಾದ ಹೊಸ ಪರದೆಯಲ್ಲಿ ಅವನ್ನು ನೋಡಿ ನಗುವವರು ಅವರು ಬರೆದ ಚಿತ್ರವನ್ನು ನೋಡಿಯೇ ಇಲ್ಲ.

ಓಲೆಗರಿ ಶಿಥಿಲವಾಗುವ ಮುನ್ನ ಪ್ರತಿ ಮಾಡಿಟ್ಟ ಲಿಪಿಕಾರರಿಂದ ನಮ್ಮ ಕಾವ್ಯ ನಮಗೆ ದಕ್ಕಿತು. ಹಳೆಯ ಯಂತ್ರದ ವರ್ತನೆಯನ್ನು ಹೊಸ ಗಣಕದಲ್ಲಿ ಅನುಕರಿಸುವ ಎಮ್ಯುಲೇಟರುಗಳನ್ನು ಬರೆಯುವವರು ಈ ಕಾಲದ ಲಿಪಿಕಾರರು. ಆಟದ ಸ್ಥಿತಿಯನ್ನು ಕಾದಿಡಲು ಬಿಲ್ಲೆಯೊಳಗೆ ಇಟ್ಟ ಪುಟ್ಟ ಬ್ಯಾಟರಿಗಳು ಒಂದೊಂದಾಗಿ ಬರಿದಾಗುತ್ತಿವೆ. ಕೈಬೆರಳ ತುದಿಯಷ್ಟು ಆ ಲೋಹದ ಬಿಲ್ಲೆ ಸತ್ತರೆ ಹಲವು ವಾರಗಳ ಆಟ ಅದರೊಡನೆ ಅಳಿಯುತ್ತದೆ. ಪ್ರತಿ ಮಾಡುವ ಕೆಲಸ ಕಾನೂನಿನ ಹಕ್ಕುಗಳ ಜೊತೆ ಘರ್ಷಣೆಗೆ ಬರುವುದುಂಟು. ಹಕ್ಕುದಾರರ ನ್ಯಾಯವಾದ ಸಂಪಾದನೆಯನ್ನು ಅಲ್ಲಗಳೆಯುವಂತಿಲ್ಲ. ಆದರೆ ಮಾರುವ ಮನಸ್ಸೂ ಇಲ್ಲದೆ, ಪ್ರತಿ ಮಾಡಲು ಬಿಡುವ ಮನಸ್ಸೂ ಇಲ್ಲದೆ ಬೀಗ ಹಾಕಿ ಕೂರುವ ಹಕ್ಕಿನಿಂದ ಯಾರಿಗೂ ಉಪಯೋಗವಿಲ್ಲ. ಬೀಗದೊಳಗೆ ಬೆಳೆಯುವುದು ಗೆದ್ದಲು ಮಾತ್ರ.

ಹಾಗಾದರೆ ತೀರ್ಪೇನು? ಹಳೆಯ ಯಂತ್ರಗಳು, ಕೆಲವನ್ನು ಬಿಟ್ಟರೆ, ವಸ್ತುಸಂಗ್ರಹಾಲಯಕ್ಕೆ ಸಲ್ಲತಕ್ಕವು, ಅದು ಅವಮಾನವಲ್ಲ. ಹಳೆಯ ಆಟಗಳಲ್ಲಿ ಹೆಚ್ಚಿನವು ತಮ್ಮ ಕಾಲಕ್ಕೆ ಸಂದು ಮುಗಿದವು. ಯಾವ ಭಾಷೆಯ ಯಾವ ಕಾಲದ ಪುಸ್ತಕಗಳ ಗತಿಯೂ ಇದೇ. ಆಟದ ನಿಯಮವೂ ಆಡುವ ಕೈಯೂ ಒಂದನ್ನೊಂದು ಅರಿತು ನಡೆಯುವ ಕೆಲವು ಮಾತ್ರ ಉಳಿದಿವೆ, ಇನ್ನೂ ಉಳಿಯುತ್ತವೆ. ಅವುಗಳಿಗೆ ನಮ್ಮ ಬಾಲ್ಯದ ಶಿಫಾರಸು ಬೇಕಾಗಿಲ್ಲ. ನಾವು ಮಾಡಬೇಕಾದದ್ದು ಇಷ್ಟೇ: ‘ನಮ್ಮ ಕಾಲದಲ್ಲಿ’ ಎಂದು ಉಪನ್ಯಾಸ ಶುರುಮಾಡದೆ, ಹಿಡಿಕೆಯನ್ನು ಮಗುವಿನ ಕೈಗೆ ಕೊಟ್ಟು, ಪಕ್ಕದಲ್ಲಿ ಜಾಗ ಬಿಟ್ಟು ಕೂರುವುದು. ಆಟ ನಿಜವಾಗಿ ಒಳ್ಳೆಯದಾಗಿದ್ದರೆ, ಸ್ವಲ್ಪ ಹೊತ್ತಿಗೆ ಮಗುವೇ, ‘ಈಗ ನಿಮ್ಮ ಸರದಿ’ ಎನ್ನುತ್ತದೆ.